ಗೊಬ್ಬಳಿ ಮರದ ಚೇಗು: ಬೆಳೆಸುವ ಮತ್ತು ಬಳಸುವ ಕ್ರಮ

ತಿರುಮಕೂಡಲು ನರಸೀಪುರ ತಾಲ್ಲೂಕು ಮೂಗೂರು ಮತ್ತು ನೆರೆಯ ಗ್ರಾಮಗಳ ಜಮೀನುದಾರರಿಗೂ ಯಜಮಾನರಿಗೂ ತಿಳಿಯಪಡಿಸುವುದೇನೆಂದರೆ:

ಕೊಟ್ಟಿಗೆಯ ಕಂಬವು ನೆಲಮಟ್ಟದಲ್ಲಿ ಗೆದ್ದಲು ಹಿಡಿದು ಮುರಿದರೆ ಛಾವಣಿಯು ದನಗಳ ಮೇಲೆ ಬೀಳುವುದು. ಎಳೆಯ ಮರವನ್ನು ಕಡಿದು ಕಂಬಮಾಡುವುದೇ ಅನೇಕ ವೇಳೆ ಇದಕ್ಕೆ ಕಾರಣವಾಗಿರುವುದು.

ಗೊಬ್ಬಳಿ ಅಥವಾ ಕರಿಜಾಲಿಯ ದಿಮ್ಮಿಯನ್ನು ಅಡ್ಡಕೊಯ್ದು ನೋಡಿರಿ. ಹೊರಸುತ್ತು ಬೆಳ್ಳಗೂ ಒಳಭಾಗವು ಕೆಂಗಂದು ಬಣ್ಣವಾಗಿಯೂ ಕಾಣುವುದು. ಹೊರಸುತ್ತು ಬೇರಿನ ನೀರನ್ನು ಮೇಲಕ್ಕೊಯ್ಯುವ ಭಾಗ. ಅದರಲ್ಲಿರುವ ಪಿಷ್ಟಕ್ಕಾಗಿ ಕುಟ್ಟೆಹುಳು ಬೀಳುವುದು. ಒಳಗಿನದೇ ಚೇಗು. ಅದರ ನಾಳಗಳಲ್ಲಿ ಅಂಟೂ ಒಗರೂ ತುಂಬಿರುವುದರಿಂದ ಬಹುಕಾಲ ಬಾಳುವುದು. ಅಮೇರಿಕದ ಬಿಳಿ ಓಕ್ ಮರದಲ್ಲಿಯೂ ಚೇಗಿನ ನಾಳಗಳು ಮುಚ್ಚಿಹೋಗುವುವು. ಆದುದರಿಂದಲೇ ಅದರ ಪೀಪಾಯಿಗಳು ಸೋರುವುದಿಲ್ಲ. ನಾಳಗಳು ತೆರೆದಿರುವ ಕೆಂಪು ಓಕ್ ಈ ಕೆಲಸಕ್ಕೆ ಬಾರದು.

ಬೆಳೆಸುವ ಕ್ರಮ: ಕಾಯನ್ನು ಮೇಕೆಗಳಿಗೆ ತಿನ್ನಿಸಿ ದೊಡ್ಡಿಯಲ್ಲಿ ಬಿದ್ದ ಬೀಜವನ್ನು ಆರಿಸಿಕೊಳ್ಳಬೇಕು. ಇಲ್ಲವೆ ಬೀಜವನ್ನು ಕುದಿಸಿ ಇಳಿಸಿದ ನೀರಿಗೆ ಹಾಕಿ ರಾತ್ರಿಯೆಲ್ಲ ನೆನೆಯಬಿಟ್ಟು ಮುಂಗಾರಿನಲ್ಲಿ ಬಿತ್ತತಕ್ಕದ್ದು. ಕೆರೆಯ ಅಂಚು, ಹೊಲದ ಮೂಲೆಗಳು ಯೋಗ್ಯವಾದ ಸ್ಥಳಗಳು. ನೆರಳಿನಿಂದ ಪೈರು ಕುಗ್ಗುವುದಾದ ಕಾರಣ ಹೊಲದ ನಡುವೆ ಕೂಡದು. ಪೊದೆಯಾಗಿ ಹಬ್ಬುವ ಬಳ್ಳಾರಿ ಜಾಲಿಯನ್ನು ಇದೆಂದು ಭ್ರಮಿಸಬಾರದು.

ಕಡಿಯುವ ಕ್ರಮ: ಸೌದೆಯ ಬೆಲೆಗೆ ಆಸೆಪಟ್ಟು ಎಳೆಯದನ್ನು ಮಾರುವವನು ಚೇಗು ಕೂಡುವ ಮೊದಲೇ ಮರವನ್ನು ಕಳೆದುಕೊಳ್ಳುವನು. ಮರಮುಟ್ಟಿಗೆ 20 ವರ್ಷಗಳಾದರೂ ಕಾಯುವುದು ಲೇಸು. 1976ರ ಕರ್ನಾಟಕ ಮರಗಳ ಸಂರಕ್ಷಣಾ ಅಧಿನಿಯಮವಿರುವುದರಿಂದ ಕಡಿಯುವ ಮೊದಲು ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿಕೊಳ್ಳತಕ್ಕದ್ದು.

ಹದಮಾಡುವ ಕ್ರಮ: ದಿಮ್ಮಿಯನ್ನು ಕೆಲವು ವಾರ ನೀರಿನಲ್ಲಿ ಮುಳುಗಿಸಿಟ್ಟರೆ ಹುಳುವಿನ ಬಾಧೆ ಕಡಮೆಯಾಗುವುದು. ಬಳಿಕ ತುದಿಗಳಿಗೆ ಸಗಣಿ ಬಳಿದು, ಗಾಳಿಯಾಡುವಂತೆ ಅಡ್ಡಪಟ್ಟಿಗಳನ್ನಿಟ್ಟು ನೆರಳಿನಲ್ಲಿ ಒಣಗಿಸಬೇಕು, ಬಿಸಿಲಿನಲ್ಲಿ ಸೀಳುವುದು. ನೆಲದೊಳಗೆ ಹೂಳುವ ಕಂಬದ ಬುಡದಿಂದ ಬಿಳಿಯ ಸುತ್ತನ್ನು ಪೂರ್ತಿ ಕೆತ್ತಿ ತೆಗೆಯತಕ್ಕದ್ದು.

ಎತ್ತಿನ ಗಾಡಿಗಳು ವಿರಳವಾಗಿದ್ದರೂ ಕುಂಟೆ, ನೊಗ, ಗುದ್ದಲಿಯ ಕಾವು, ಕೊಟ್ಟಿಗೆಯ ಕಂಬಗಳಿಗೆ ಈ ಮರವು ಇಂದಿಗೂ ಬೇಕು. ಮರ ಕೊಳ್ಳುವವರು ದಪ್ಪವನ್ನು ಮಾತ್ರ ಅಳೆಯದೆ ಕೊಯ್ದ ತುದಿಯಲ್ಲಿ ಚೇಗಿನ ಅಗಲವನ್ನು ಅಳೆಯಬೇಕು. ಊರಿನ ಯಜಮಾನರು ಈ ವಿಷಯವನ್ನು ರೈತರಿಗೆ ತಿಳಿಸಿ, ಎಳೆಯ ಸಸಿಗಳನ್ನು ದನ ಮೇಕೆಗಳಿಂದ ಕಾಪಾಡಿಸಬೇಕೆಂದು ಕೋರಲಾಗಿದೆ.