ಭಜನೆಯಲ್ಲಿ ಎಲ್ಲ ಮಕ್ಕಳಿಗೂ ಜಾಗವಿದೆಯೇ?



ಈ ಸಂಚಿಕೆಯ ಅಧ್ಯಯನ ಪಾಠವನ್ನು ನಮ್ಮದೇ ಒಂದು ತಪ್ಪಿನಿಂದ ಆರಂಭಿಸುತ್ತೇವೆ. ಕೆಲವು ವರ್ಷಗಳ ಹಿಂದೆ ಉತ್ತಮಪಾಳಯಂನ ಭಕ್ತರೊಬ್ಬರ ಮನೆಯಲ್ಲಿ ಶಿವರಾತ್ರಿಯ ಭಜನೆ ನಡೆದಿತ್ತು. ಹತ್ತು-ಹನ್ನೊಂದು ವರ್ಷದ ಹುಡುಗನೊಬ್ಬ ಎರಡೂ ಕಿವಿ ಮುಚ್ಚಿಕೊಂಡು, ಹಿಂದೆ ಮುಂದೆ ತೂಗುತ್ತ, ಆಗಲೇ ಮುಗಿದಿದ್ದ ಹಾಡಿನ ಒಂದೇ ಸಾಲನ್ನು ಮತ್ತೆ ಮತ್ತೆ ಹೇಳುತ್ತಿದ್ದ. ಕರೆದರೆ ತಿರುಗುತ್ತಿರಲಿಲ್ಲ. ವ್ಯವಸ್ಥೆಯ ಹೊಣೆ ನಮ್ಮದಾಗಿತ್ತು. "ತಾಯೀ, ಹುಡುಗನನ್ನು ಸ್ವಲ್ಪ ಹೊರಗೆ ಕರೆದುಕೊಂಡು ಹೋಗಿರಿ, ಸಭೆಗೆ ತೊಂದರೆಯಾಗುತ್ತದೆ" ಎಂದೆವು. ಆ ತಾಯಿ ಏನೂ ಮಾತಾಡದೆ ಎದ್ದು ಹೋದರು.

ಪ್ರಸಾದದ ಹೊತ್ತಿಗೆ ಜಗಲಿಯಿಂದ ಹಾಡು ಕೇಳಿಸಿತು. ಅದೇ ಹುಡುಗ, ಅಂದಿನ ಹಾಡುಗಳನ್ನು ಮೊದಲಿನಿಂದ ಕ್ರಮವಾಗಿ ಹಾಡುತ್ತಿದ್ದ. ಹಾರ್ಮೋನಿಯಂ ನುಡಿಸಿದವರು ಶ್ರುತಿ ಹಿಡಿದು ನೋಡಿದರು, ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ತೊಂದರೆ ಎಂದು ನಾವು ಎಬ್ಬಿಸಿ ಕಳುಹಿಸಿದವನು ಆ ರಾತ್ರಿ ಎಲ್ಲರಿಗಿಂತ ಚೆನ್ನಾಗಿ ಕೇಳಿಸಿಕೊಂಡಿದ್ದ. ಅವನಿಗಿದ್ದುದು ಆಟಿಸಂ, ಅಂದರೆ ಸ್ವಲೀನತೆ ಎಂದು ಆಮೇಲೆ ತಿಳಿಯಿತು.

ಇದು ಏನು?

ಹಿಂದೆ ಇಂಥವರನ್ನೆಲ್ಲ ಬುದ್ಧಿಮಾಂದ್ಯರು ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದೆವು. ಇವರ ಮಿದುಳು ಬೇರೆ ರೀತಿಯಲ್ಲಿ ಕೆಲಸ ಮಾಡುತ್ತದೆ ಎಂಬುದು ಇಂದಿನ ತಿಳಿವಳಿಕೆ. ಇದಕ್ಕೆ ನರವೈವಿಧ್ಯ ಎಂಬ ಪದವೂ ಬಂದಿದೆ. ನಮ್ಮ ತಾಲ್ಲೂಕಿನ ಪಣ್ಣೈಪುರಂನಲ್ಲಿ ಇಳಯರಾಜ ಹುಟ್ಟಿದ 1943ರಲ್ಲೇ, ಅಮೆರಿಕದ ವೈದ್ಯ ಲಿಯೋ ಕ್ಯಾನರ್ ಆಟಿಸಂ ಕುರಿತ ಮೊದಲ ಪ್ರಸಿದ್ಧ ಲೇಖನವನ್ನು ಪ್ರಕಟಿಸಿದರು. ಅದರಲ್ಲಿ 11 ಮಕ್ಕಳ ವಿವರವಿದೆ. ಒಂದು ಮಗು ಒಂದೂವರೆ ವರ್ಷಕ್ಕೇ 18 ಸಿಂಫೊನಿಗಳನ್ನು ಬೇರೆ ಬೇರೆಯಾಗಿ ಗುರುತಿಸುತ್ತಿತ್ತಂತೆ. ಸಿಂಫೊನಿ ಎಂದರೆ ಇಳಯರಾಜರು 2025ರಲ್ಲಿ ಲಂಡನ್ನಿನಲ್ಲಿ ಪ್ರಸ್ತುತಪಡಿಸಿದಂಥ, ದೊಡ್ಡ ವಾದ್ಯವೃಂದದ ಕೃತಿ.

ಆಟಿಸಂ ಇರುವವರೆಲ್ಲ ಗಾಯಕರಲ್ಲ. ಆದರೆ ಸ್ವರವನ್ನು ಕೇಳಿದೊಡನೆ ಗುರುತಿಸುವ ಶಕ್ತಿ ಇವರಲ್ಲಿ ಸಾಮಾನ್ಯರಿಗಿಂತ ಹೆಚ್ಚಾಗಿ ಕಂಡುಬರುತ್ತದೆ. ಮಾತುಕತೆಯಲ್ಲಿ ಎದುರಿನವರು ಮುಂದೆ ಏನು ಹೇಳುತ್ತಾರೋ ತಿಳಿಯದು. ಹಾಡಿಗೆ ಆದಿಯಿದೆ, ಅಂತ್ಯವಿದೆ, ತಾಳವಿದೆ. ಅಲ್ಲಿ ಎಡವುವ ಭಯ ಕಡಿಮೆ. ಒಂದೇ ಸಾಲನ್ನು ಮತ್ತೆ ಮತ್ತೆ ಹೇಳುವುದು ಎಷ್ಟೋ ವೇಳೆ ಆ ಮಗು ಮಾತಾಡುವ ರೀತಿಯೇ ಆಗಿರುತ್ತದೆ. ಕೇಳಿದ ಸಾಲನ್ನು ಕಡ ತಂದು ತನ್ನ ಸಂತೋಷವನ್ನೋ ಸಂಕಟವನ್ನೋ ಹೇಳುತ್ತದೆ.

ಎರಡು ಉದಾಹರಣೆಗಳು

ಜಪಾನಿನ ಸಾಹಿತಿ ಕೆಂಜಬುರೊ ಓಯೆ ಅವರ ಮಗ ಹಿಕಾರಿ 1963ರಲ್ಲಿ ಮಿದುಳಿನ ದೋಷದೊಂದಿಗೆ ಹುಟ್ಟಿದ. ಮನುಷ್ಯರ ಧ್ವನಿಗೆ ಓಗೊಡುತ್ತಿರಲಿಲ್ಲ. ಹಕ್ಕಿಗಳ ಧ್ವನಿಗೆ ಕಿವಿಗೊಡುತ್ತಿದ್ದ. ಮನೆಯವರು ಹಕ್ಕಿಗಳ ಕೂಗಿನ ಧ್ವನಿಮುದ್ರಿಕೆ ಕೇಳಿಸಿದರು. ಆರನೆಯ ವಯಸ್ಸಿನಲ್ಲಿ, ಕೆರೆಯ ಕಡೆಯಿಂದ ಹಕ್ಕಿ ಕೂಗಿದಾಗ, ಆ ಮುದ್ರಿಕೆಯ ನಿರೂಪಕರ ಧ್ವನಿಯಲ್ಲೇ ಅದರ ಹೆಸರು ಹೇಳಿದ. ಅದೇ ಅವನ ಮೊದಲ ಮಾತು. ಮುಂದೆ ಪಿಯಾನೊ ಕಲಿತು ಸ್ವಂತ ಕೃತಿಗಳನ್ನು ರಚಿಸಿದ. ಅವುಗಳ ಧ್ವನಿಮುದ್ರಿಕೆ 1992ರಲ್ಲಿ ಹೊರಬಂದಿತು. 1994ರಲ್ಲಿ ನೊಬೆಲ್ ಪ್ರಶಸ್ತಿ ಸ್ವೀಕರಿಸಿದಾಗ ತಂದೆ ತಮ್ಮ ಭಾಷಣದಲ್ಲಿ ಈ ಮಗನ ಸಂಗೀತದ ಬಗ್ಗೆ ಮಾತಾಡಿದರು. ಮಗ ಮಾತಿನಲ್ಲಿ ಹೇಳಲಾರದ ದುಃಖವನ್ನು ತಂದೆ ಆ ಸಂಗೀತದಲ್ಲಿ ಕೇಳಿದ್ದರು.

ಇನ್ನೊಂದು ಎಚ್ಚರಿಕೆಯ ಕಥೆ. ಅಮೆರಿಕದಲ್ಲಿ 1849ರಲ್ಲಿ ಗುಲಾಮನಾಗಿ ಹುಟ್ಟಿದ ಅಂಧ ಬಾಲಕ ಟಾಮ್ ವಿಗ್ಗಿನ್ಸ್ ಒಮ್ಮೆ ಕೇಳಿದ್ದನ್ನು ಪಿಯಾನೊದಲ್ಲಿ ನುಡಿಸುತ್ತಿದ್ದ. ಅವನಿಗೂ ಆಟಿಸಂ ಇದ್ದಿರಬೇಕೆಂದು ಇಂದು ಅನೇಕರು ಊಹಿಸುತ್ತಾರೆ. ಒಡೆಯರು ಅವನನ್ನು ಊರೂರಿಗೆ ಕರೆದೊಯ್ದು ಅಪಾರ ಹಣ ಗಳಿಸಿದರು. ಗುಲಾಮಗಿರಿ ರದ್ದಾದ ಮೇಲೂ ಅವನು ಅವರ ಹಿಡಿತದಲ್ಲೇ ಉಳಿದ. ಜನ ಸೋಜಿಗಪಟ್ಟರು, ಅವನು ಏನು ಹೇಳುತ್ತಿದ್ದಾನೆಂದು ಕೇಳಿದವರು ಕಡಿಮೆ. ಹಾಡಿಸುವುದೆಲ್ಲ ಗೌರವವಲ್ಲ ಎಂಬುದಕ್ಕೆ ಇದು ಸಾಕ್ಷಿ.

ಸಂಗೀತ ಔಷಧವೇ?

"ಹಾಡಿಸಿದರೆ ಗುಣವಾಗುತ್ತದೆಯೇ?" ಎಂದು ತಾಯಂದಿರು ಕೇಳುತ್ತಾರೆ. ಸುಳ್ಳು ಭರವಸೆ ಕೊಡಬಾರದು. 9 ದೇಶಗಳ 364 ಮಕ್ಕಳ ಮೇಲೆ ನಡೆಸಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಐದು ತಿಂಗಳ ಸಂಗೀತ ಚಿಕಿತ್ಸೆಯಿಂದ ಆಟಿಸಂ ಲಕ್ಷಣಗಳ ತೀವ್ರತೆ ಗಣನೀಯವಾಗಿ ಕಡಿಮೆಯಾಗಲಿಲ್ಲ. ಇದರಿಂದ ನಿರಾಶರಾಗಬೇಕಿಲ್ಲ. ನಮ್ಮ ಮಕ್ಕಳು ಹಾಡುವುದು ರೋಗ ವಾಸಿಯಾಗಲೆಂದೇ? ಮನಸ್ಸಿಗೆ ಬಂದದ್ದನ್ನು ಹೊರಗೆಡಹಲು ಹಾಡುತ್ತಾರೆ. ಈ ಮಕ್ಕಳಿಗೂ ಅಷ್ಟೇ ಕಾರಣ ಸಾಕು.

ಗದಗಿನ ವೀರೇಶ್ವರ ಪುಣ್ಯಾಶ್ರಮ ನಿಮಗೆ ತಿಳಿದಿದೆ. ಸ್ವತಃ ಅಂಧರಾದ ಪಂಚಾಕ್ಷರಿ ಗವಾಯಿಗಳು (1892–1944), ಅವರ ನಂತರ ಪುಟ್ಟರಾಜ ಗವಾಯಿಗಳು (1914–2010) ಅಲ್ಲಿ ಅಂಧ ಮಕ್ಕಳಿಗೆ ಅನ್ನ, ಆಸರೆ, ಸಂಗೀತ ಮೂರನ್ನೂ ಕೊಟ್ಟರು. "ಮೊದಲು ಕಣ್ಣು ಬರಲಿ, ಆಮೇಲೆ ಹಾಡಲಿ" ಎಂದು ಅಲ್ಲಿ ಯಾರೂ ಹೇಳಲಿಲ್ಲ. ಹಾಗಿರುವಾಗ "ಮೊದಲು ಸುಮ್ಮನೆ ಕೂರಲು ಕಲಿಯಲಿ, ಆಮೇಲೆ ಭಜನೆಗೆ ಬರಲಿ" ಎಂದು ನಾವು ಹೇಳಿದ್ದು ಯಾವ ನ್ಯಾಯ?

ನಾವು ಮಾಡಬೇಕಾದದ್ದು

1. ಮೈಕಿನ ಸದ್ದು ತಗ್ಗಿಸಿರಿ. ಇವರಲ್ಲಿ ಅನೇಕರಿಗೆ ದೊಡ್ಡ ಸದ್ದು ನಿಜವಾದ ನೋವು. ಜಾಗಟೆ ಬಾರಿಸುವ ಮೊದಲು ತಿಳಿಸಿರಿ.

2. ಹಾಡುಗಳ ಪಟ್ಟಿಯನ್ನು ಹಿಂದಿನ ದಿನವೇ ಆ ಮನೆಗೆ ಕೊಡಿರಿ, ಕ್ರಮ ಬದಲಿಸಬೇಡಿರಿ.

3. ಬಾಗಿಲ ಬಳಿ ಜಾಗ ಕೊಡಿರಿ. ಎದ್ದು ಹೋಗಿ ಬರಲಿ. ತೂಗುವುದು ಅಶಿಸ್ತಲ್ಲ.

4. ಏನು ಹಾಡಬೇಕೆಂದು ಮಗುವೇ ಆರಿಸಲಿ. ಬೇಡವೆಂದರೆ ಬಿಡಿರಿ. ಮೊಬೈಲಿನಲ್ಲಿ ಚಿತ್ರೀಕರಿಸಿ ಹಂಚಬೇಡಿರಿ.

5. "ಪಾಪ, ಇಂಥ ಮಗು" ಎಂದು ಪರಿಚಯಿಸಬೇಡಿರಿ. ಹೆಸರು ಮತ್ತು ಹಾಡು, ಇಷ್ಟು ಸಾಕು.

ಇನ್ನೊಂದು ವಿಷಯ. 1995ರ ಅಂಗವಿಕಲರ ಕಾಯಿದೆಯಲ್ಲಿ ಆಟಿಸಂ ಹೆಸರೇ ಇರಲಿಲ್ಲ. 2016ರ ಕಾಯಿದೆಯ 21 ವಿಧಗಳಲ್ಲಿ ಅದು ಸೇರಿದೆ. ಪ್ರಮಾಣಪತ್ರ ಪಡೆಯದ ಮನೆಯವರು ನಾಚಿಕೆ ಬಿಟ್ಟು, ತೇನಿ ಅಥವಾ ದಿಂಡಿಗಲ್‌ನ ಜಿಲ್ಲಾ ಮಾಟ್ರುತ್ತಿರನಾಳಿ ಕಚೇರಿಯಲ್ಲಿ ವಿಚಾರಿಸಬೇಕು. ಅರ್ಜಿ ತುಂಬಲು ನಾವು ನೆರವಾಗುತ್ತೇವೆ.

ಮುಂದಿನ ಶಿವರಾತ್ರಿಗೆ ಆ ತಾಯಿ ಬರಲಿಲ್ಲ. ನಾವೇ ಮನೆಗೆ ಹೋಗಿ ತಪ್ಪಾಯಿತೆಂದು ಕೇಳಿಕೊಂಡೆವು. "ಸಭೆಗೆ ತೊಂದರೆಯಾಗುವುದಿಲ್ಲವೇ, ಸ್ವಾಮಿ?" ಎಂದರು. ನಮ್ಮ ಮಾತೇ ನಮಗೆ ತಿರುಗಿ ಬಂದಿತ್ತು. ಅದರ ಮರುವರ್ಷ ಬಂದರು. ಹುಡುಗ ಗೋಡೆಯ ಕಡೆ ಮುಖಮಾಡಿ, ನಮಗೆ ಬೆನ್ನು ಹಾಕಿ, ಒಂದು ಹಾಡು ಹಾಡಿದ. ಯಾರೂ ಅವನನ್ನು ತಿರುಗಿಸಲು ಹೋಗಲಿಲ್ಲ.

ಮನೆಮಂದಿ ಕುಳಿತು ಚರ್ಚಿಸಲು:

1. ನಮ್ಮ ಬೀದಿಯಲ್ಲಿ ಸಭೆಗೆ ಬರದೆ ಉಳಿದ ಮಗು ಯಾವುದು? ಏಕೆ ಬರುತ್ತಿಲ್ಲ?

2. ಆ ಮಗು ತಾನಾಗಿ ಗುನುಗುವ ಹಾಡು ಯಾವುದೆಂದು ನಾವು ಎಂದಾದರೂ ಕೇಳಿದ್ದೇವೆಯೇ?

3. ಹಾಡುವವರಿಗೆ ಶಿಸ್ತು ಕಲಿಸುತ್ತೇವೆ. ಕೇಳುವವರ ಶಿಸ್ತು ಯಾವುದು?



— ಕಾರ್ಯದರ್ಶಿಗಳು