ಬಗ್ಗಿದ ಕೊಳವೆಗೆ ಬೆಂಕಿಯ ಹದ

ಬಾದಾಮಿಯ ಗುಹಾಲಯಗಳ ಮರಳುಗಲ್ಲಾಗಲಿ, ಹುನಗುಂದ–ಇಳಕಲ್ಲಿನ ಕಡೆಯ ಕೆಂಪು ಗ್ರಾನೈಟಾಗಲಿ ಬಗ್ಗಿಸಿದರೆ ಬಗ್ಗುವುದಿಲ್ಲ. ಬಲ ಮೀರಿದರೆ ಮುರಿಯುತ್ತದೆ. ಬಾಗಲಕೋಟೆಯ ಪೇಟೆಯಲ್ಲಿ ಕೊಂಡ ಗೇಣುದ್ದದ ತಾಮ್ರದ ತಂತಿಯಾದರೋ ಬೆರಳಿನ ಬಲಕ್ಕೇ ಬಾಗುತ್ತದೆ. ಆದರೆ ಅದನ್ನೇ ಹಿಂದಕ್ಕೂ ಮುಂದಕ್ಕೂ ಪುನಃ ಪುನಃ ಬಗ್ಗಿಸಿದರೆ, ಬಾಗಿದೆಡೆಯಲ್ಲಿ ಗಡುಸಾಗುತ್ತ ಬಂದು ಕಡೆಗೆ ತುಂಡಾಗುತ್ತದೆ. ತುಂಡಾಗುವ ಮೊದಲೇ ಕೆಂಪಗೆ ಕಾಯಿಸಿದರೆ ತಂತಿಯು ಮತ್ತೆ ಮೆತ್ತಗಾಗುವುದು. ಕೊಡ, ಹಂಡೆಗಳನ್ನು ಬಡಿಯುವ ಕಂಚುಗಾರರು ನಡುನಡುವೆ ಪಾತ್ರೆಯನ್ನು ಕಾಯಿಸಿಕೊಳ್ಳುವುದು ಇದಕ್ಕಾಗಿಯೇ.

ಇದರ ಕಾರಣವೇನು? ಲೋಹವೆಂಬುದು ಅಸಂಖ್ಯ ಸಣ್ಣ ಹರಳುಗಳ ಒಟ್ಟಿಲು. ಹರಳಿನಲ್ಲಿ ಪರಮಾಣುಗಳು ಸಾಲುಸಾಲಾಗಿ ನಿಂತಿದ್ದರೂ ಅಲ್ಲಲ್ಲಿ ಸಾಲು ತಪ್ಪಿರುತ್ತವೆ. ಈ ಸಾಲುತಪ್ಪುಗಳು ಸರಿದಾಡುವುದರಿಂದಲೇ ಲೋಹವು ಮುರಿಯದೆ ಬಾಗುತ್ತದೆ. ತಣ್ಣಗಿರುವಾಗ ಬಗ್ಗಿಸಿದಷ್ಟೂ ಅವು ಹೆಚ್ಚಿ, ಗಂಟುಬಿದ್ದ ನೂಲಿನಂತೆ ಒಂದಕ್ಕೊಂದು ತೊಡರಿಕೊಳ್ಳುತ್ತವೆ, ಅದೇ ಗಡುಸುತನ. ಶಾಖವು ಪರಮಾಣುಗಳಿಗೆ ಚಲನೆಯನ್ನು ಕೊಟ್ಟು ಗಂಟನ್ನು ಸಡಿಲಿಸುತ್ತದೆ. ಇನ್ನೂ ಹೆಚ್ಚು ಕಾಯಿಸಿದರೆ ಹಳೆಯ ಹರಳುಗಳ ಸ್ಥಾನದಲ್ಲಿ ಹೊಸವು ಹುಟ್ಟುತ್ತವೆ.

ಕೊಳವೆಯನ್ನು ಬಗ್ಗಿಸಿದಾಗ ಹೊರಮಗ್ಗುಲು ಹಿಗ್ಗುತ್ತದೆ, ಒಳಮಗ್ಗುಲು ಕುಗ್ಗುತ್ತದೆ. ಹೊರಮಗ್ಗುಲಿನ ಹಿಗ್ಗನ್ನು ಸುಲಭವಾಗಿ ಲೆಕ್ಕ ಹಾಕಬಹುದು: ಕೊಳವೆಯ ಹೊರ ತ್ರಿಜ್ಯವನ್ನು ಬಾಗಿನ ತ್ರಿಜ್ಯದಿಂದ ಭಾಗಿಸಿದರಾಯಿತು. 20 ಮಿಲಿಮೀಟರು ವ್ಯಾಸದ ಕೊಳವೆಯನ್ನು 60 ಮಿಲಿಮೀಟರು ತ್ರಿಜ್ಯಕ್ಕೆ ಬಗ್ಗಿಸಿದರೆ 10/60, ಎಂದರೆ ಶೇಕಡ 16.7. ಬಗ್ಗಿಸುವ ಬಲವನ್ನು ತೆಗೆದೊಡನೆ ಕೊಳವೆಯು ಸ್ವಲ್ಪ ಹಿಂದಕ್ಕೆ ಚಿಮ್ಮುತ್ತದೆ. ಪೂರ್ಣವಾಗಿ ಚಿಮ್ಮಲಾರದೆ ಪದರಪದರಗಳು ಒಂದನ್ನೊಂದು ಎಳೆದು ಹಿಡಿದಿರುತ್ತವೆ. ಕಣ್ಣಿಗೆ ಕಾಣದ ಈ ಒಳಬಿಗಿತವೇ ನಮ್ಮ ಪ್ರಸ್ತುತ ವಿಷಯ.

ಒಳಬಿಗಿತದ ಕೇಡನ್ನು ಜಗತ್ತು ಮೊದಲು ಕಲಿತದ್ದು ಹಿತ್ತಾಳೆಯಿಂದ. ಭಾರತದಲ್ಲಿದ್ದ ಬ್ರಿಟಿಷ್ ಸೈನ್ಯದ ತೋಟಾಗಳ ಹಿತ್ತಾಳೆಯ ಕವಚಗಳು ಮಳೆಗಾಲದಲ್ಲಿ ತಮ್ಮಷ್ಟಕ್ಕೆ ತಾವೇ ಸೀಳುತ್ತಿದ್ದುವು. ಕುದುರೆ ಲಾಯಗಳಿಂದ ಬಂದ ಅಮೋನಿಯ, ತೇವ, ತಣ್ಣಗೆ ಎಳೆದ ಹಿತ್ತಾಳೆಯ ಒಳಬಿಗಿತ ಇವು ಕೂಡಿ ಆದ ಕೆಲಸವಿದೆಂದು 1921ರಲ್ಲಿ ಮೂರ್, ಬೆಕಿನ್‌ಸೇಲ್ ಮತ್ತು ಮ್ಯಾಲಿನ್ಸನ್ ತೋರಿಸಿದರು. ಮಿತವಾಗಿ ಕಾಯಿಸಿ ಬಿಗಿತವನ್ನು ಕಳೆಯುವುದೇ ಪರಿಹಾರವಾಯಿತು.

ನಿಕ್ಕಲಿನ ಮಿಶ್ರಲೋಹಗಳು ಹಿತ್ತಾಳೆಗಿಂತ ಬಹಳ ಗಟ್ಟಿಗ. ಆದರೂ ಈ ಕೇಡಿಗೆ ಹೊರತಲ್ಲ. ನಮ್ಮ ನಾಡಿನಲ್ಲಿ ಇವುಗಳ ಉಪಯೋಗವನ್ನು ಅರಿಯಲು ಉತ್ತರ ಕನ್ನಡದ ಕೈಗಾ ಪರಮಾಣು ವಿದ್ಯುತ್ ಕೇಂದ್ರವನ್ನು ನೋಡಬೇಕು. 2000ದಿಂದ 2011ರೊಳಗೆ ಉತ್ಪಾದನೆಗೆ ಬಂದ ಅಲ್ಲಿನ ನಾಲ್ಕು ಘಟಕಗಳು ತಲಾ 220 ಮೆಗಾವಾಟಿನವು. ಉಗಿ ಉತ್ಪಾದಕಗಳಲ್ಲಿ ಇಂಗ್ಲಿಷಿನ ‘ಯು’ ಅಕ್ಷರದಂತೆ ಬಗ್ಗಿಸಿದ ಇಂಕೊಲಾಯ್ 800ರ ಕೊಳವೆಗಳ ಕಂತೆಯಿದೆ. ನಿಕ್ಕಲು ಶೇಕಡ 30ರಿಂದ 35, ಕ್ರೋಮಿಯಂ 19ರಿಂದ 23, ಉಳಿದದ್ದು ಬಹುಪಾಲು ಕಬ್ಬಿಣ. ಕೊಳವೆಯೊಳಗೆ ರಿಯಾಕ್ಟರಿನಿಂದ ಬಂದ ಬಿಸಿ ಭಾರಜಲ, ಹೊರಗೆ ಉಗಿಯಾಗಬೇಕಾದ ಸಾಮಾನ್ಯ ನೀರು. ನಡುವೆ ಸುಮಾರು ಒಂದು ಮಿಲಿಮೀಟರಿನ ಗೋಡೆ! ಅದು ಸೀಳಿದರೆ ವಿಕಿರಣಶೀಲ ಜಲವು ಉಗಿಯೊಡನೆ ಬೆರೆಯುತ್ತದೆ.

ಇದು ಬರಿಯ ಊಹೆಯಲ್ಲ. ಶೇಕಡ 72ಕ್ಕೂ ಮೀರಿ ನಿಕ್ಕಲಿರುವ ಇಂಕೊನೆಲ್ 600 ಶುದ್ಧವಾದ ಬಿಸಿನೀರಿನಲ್ಲಿಯೂ ಬಿರಿಯಬಲ್ಲದೆಂದು ಫ್ರಾನ್ಸಿನ ಕೊರಿಯು 1959ರಲ್ಲಿಯೇ ಎಚ್ಚರಿಸಿದ್ದರು. ಬಹುಮಂದಿ ನಂಬಲಿಲ್ಲ. 1976ರ ಸೆಪ್ಟೆಂಬರಿನಲ್ಲಿ ಅಮೆರಿಕದ ವರ್ಜೀನಿಯದ ಸರ್ರಿ ಕೇಂದ್ರದಲ್ಲಿ ಅದೇ ಲೋಹದ ಕೊಳವೆಯೊಂದು ಒಡೆಯಿತು. ಒಡೆದದ್ದು ಕಂತೆಯ ಅತ್ಯಂತ ಒಳಸಾಲಿನಲ್ಲಿ, ಬಾಗಿನ ನೆತ್ತಿಯಲ್ಲಿ. ಆಧಾರ ಫಲಕವು ವಿರೂಪಗೊಂಡು ಕೊಳವೆಯ ಎರಡು ಕಾಲುಗಳನ್ನು ಹತ್ತಿರಕ್ಕೆ ಒತ್ತಿದ್ದರಿಂದ, ಮೊದಲೇ ಇದ್ದ ಬಿಗಿತವು ಇನ್ನಷ್ಟು ಹೆಚ್ಚಿತ್ತು. ಬಾಗಿನ ತ್ರಿಜ್ಯವು ಕಿರಿದಾದಷ್ಟೂ ಹಿಗ್ಗು ಹೆಚ್ಚೆಂಬ ಮೇಲಿನ ಲೆಕ್ಕವನ್ನು ಓದುಗರು ಇಲ್ಲಿ ನೆನೆಯಬಹುದು.

ಹಾಗಾದರೆ ಕಾಯಿಸಿಬಿಟ್ಟರೆ ಮುಗಿಯಿತೆ? ಎಷ್ಟು ಕಾಯಿಸಬೇಕೆಂಬುದೇ ನಿಜವಾದ ಕಷ್ಟ. ಸುಮಾರು 1000 ಡಿಗ್ರಿ ಸೆಲ್ಸಿಯಸ್ ಮುಟ್ಟಿಸಿದರೆ ಹೊಸ ಹರಳುಗಳು ಹುಟ್ಟಿ ಬಿಗಿತವು ನಿಶ್ಶೇಷವಾಗುತ್ತದೆ; ಆದರೆ ಲೋಹವು ಮೆತ್ತಗಾಗಿ, ತೆಳುಗೋಡೆಯ ಕೊಳವೆಯ ಆಕಾರವೇ ಕೆಡಬಹುದು. ಆದಕಾರಣ ಇಂಕೊನೆಲ್ 600 ಹಾಗೂ 690ರ ಒಳಸಾಲಿನ ಬಾಗುಗಳನ್ನು ಸುಮಾರು 700 ಡಿಗ್ರಿಗೆ ಕಾಯಿಸಿ ಬಿಗಿತವನ್ನು ಮಾತ್ರ ಇಳಿಸುವುದು ರೂಢಿ. ಇಲ್ಲಿಯೂ ಒಂದು ಗಂಡಾಂತರವಿದೆ. ಈ ಉಷ್ಣತೆಯಲ್ಲಿ ಕ್ರೋಮಿಯಂ ಇಂಗಾಲದೊಡನೆ ಸೇರಿ ಹರಳುಗಳ ಅಂಚಿನಲ್ಲಿ ಕಾರ್ಬೈಡಾಗಿ ನಿಲ್ಲುತ್ತದೆ. ಅಂಚಿನ ಪಕ್ಕದ ಲೋಹವು ಕ್ರೋಮಿಯಂ ಕಳೆದುಕೊಂಡು ಬಡವಾಗುತ್ತದೆ. ಸಾಕಷ್ಟು ಹೊತ್ತು ಕಾಯಿಸಿದರೆ ಒಳಗಿನಿಂದ ಕ್ರೋಮಿಯಂ ಹರಿದುಬಂದು ಆ ಕೊರತೆಯನ್ನು ತುಂಬುತ್ತದೆ. ಅರೆಕಾಯಿಸುವುದು, ನಮ್ಮ ದೃಷ್ಟಿಯಲ್ಲಿ, ಕಾಯಿಸದಿರುವುದಕ್ಕಿಂತ ಕೆಡುಕಾಗಬಹುದು.

ಇನ್ನು ಗಂಧಕದ ಮಾತು. ನಿಕ್ಕಲು ಗಂಧಕದೊಡನೆ ಕೂಡಿ ಸುಮಾರು 640 ಡಿಗ್ರಿಯಲ್ಲಿಯೇ ಕರಗುವ ಮಿಶ್ರಣವಾಗಿ ಹರಳುಗಳ ನಡುವೆ ನುಸುಳುತ್ತದೆ. ಬಳಿಕ ಲೋಹವು ಹಪ್ಪಳದಂತೆ ಮುರಿಯುವುದು. ಬಗ್ಗಿಸುವಾಗ ಬಳಿದ ಎಣ್ಣೆ, ಗುರುತಿನ ಬಣ್ಣ, ಕೈಬೆವರಿನ ಜಿಡ್ಡು ಕೂಡ ಇದಕ್ಕೆ ಸಾಕು. ಆದುದರಿಂದ ಕೊಳವೆಯನ್ನು ಒಳಗೂ ಹೊರಗೂ ತೊಳೆದು ಒಣಗಿಸಿದ ಮೇಲೆಯೇ ಕಾಯಿಸುತ್ತಾರೆ. ಕಂಚುಗಾರನ ತಾಮ್ರಕ್ಕೆ ಒಪ್ಪುವ ಇದ್ದಲಿನ ಕುಲುಮೆಯ ಬದಲು ಇಲ್ಲಿ ಗಾಳಿ ತೆಗೆದ ವಿದ್ಯುತ್ ಕುಲುಮೆ ಬೇಕು. ಇಲ್ಲವೆ ಬಾಗಿನ ಭಾಗಕ್ಕಷ್ಟೇ ವಿದ್ಯುತ್ ಹರಿಸಿ, ಕೊಳವೆಯ ಒಳಗೂ ಹೊರಗೂ ಆರ್ಗಾನಿನಂಥ ಜಡ ಅನಿಲವನ್ನು ಬಿಟ್ಟುಕೊಂಡು ಕಾಯಿಸುತ್ತಾರೆ.