ಮನೆಯಂಗಳದ ಹಳೆ ಫಿಯೆಟ್: ಹೊಸಬರಿಗೆ ಮೊದಲ ಪಾಠ

ಹಳೆ ಕಾರೊಂದನ್ನು ಮನೆಯಲ್ಲೇ ಸರಿಮಾಡಬೇಕೆಂಬ ಹಂಬಲ ಹುಟ್ಟಿದವರು ಮೊದಲು ವಿಚಾರಿಸುವುದು ಬಣ್ಣವನ್ನು. ಯಾವ ಬಣ್ಣ ಒಪ್ಪುತ್ತದೆ, ಸೀಟಿಗೆ ಎಂಥ ರೆಕ್ಸಿನ್ ಹಾಕಿಸಲಿ, ಎಷ್ಟು ಖರ್ಚಾದೀತು? ಬಣ್ಣದ ಮಾತು ಕೊನೆಗಿರಲಿ. ನಾನು ಮೊದಲು ಹೇಳುವುದು ಇಷ್ಟೇ: ಕಾರನ್ನು ಪೂರ್ತಿ ಬಿಚ್ಚಬೇಡಿ. ಅರ್ಧಕ್ಕೇ ನಿಂತುಹೋದ ಕಾರುಗಳನ್ನು ಬೇಕಾದಷ್ಟು ನೋಡಿದ್ದೇನೆ. ಎಂಜಿನ್ ಶೆಡ್ಡಿನ ಮೂಲೆಯಲ್ಲಿ, ಬಾಗಿಲುಗಳು ಅಟ್ಟದ ಮೇಲೆ, ನಟ್ಟು ಬೋಲ್ಟುಗಳೆಲ್ಲ ಒಂದೇ ಬಕೆಟ್ಟಿನಲ್ಲಿ. ಆ ಮನೆಗಳಲ್ಲಿ ಉತ್ಸಾಹಕ್ಕೇನೂ ಕೊರತೆ ಇರಲಿಲ್ಲ. ಇದ್ದ ಉತ್ಸಾಹವೆಲ್ಲ ಬಿಚ್ಚುವುದರಲ್ಲೇ ಮುಗಿದುಹೋಗಿತ್ತು. ಒಂದು ಸಲಕ್ಕೆ ಒಂದೇ ಭಾಗಕ್ಕೆ ಕೈ ಹಾಕಿ, ಅದನ್ನು ಮುಗಿಸಿ, ಜೋಡಿಸಿ, ಆಮೇಲೆ ಮುಂದಿನದಕ್ಕೆ ಹೋಗಿ. ಕಾರು ಯಾವಾಗಲೂ ತನ್ನ ಚಕ್ರದ ಮೇಲೆ ನಿಲ್ಲುವ ಸ್ಥಿತಿಯಲ್ಲಿರಬೇಕು.

ಮೊದಲ ಕಾರಾಗಿ ಯಾವುದನ್ನು ಹಿಡಿಯಬೇಕು ಎಂದು ಕೇಳಿದರೆ ನನ್ನ ಉತ್ತರ ಫಿಯೆಟ್ 1100 ಡಿ, ಅಂದರೆ ನಮ್ಮೂರುಗಳಲ್ಲಿ ಪದ್ಮಿನಿ ಎಂದೇ ಬಳಕೆಯಲ್ಲಿರುವ ಕಾರು. ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಹುಟ್ಟುಹಾಕಿದ ಪ್ರೀಮಿಯರ್ ಆಟೊಮೊಬೈಲ್ಸ್ ಮುಂಬೈನ ಕುರ್ಲಾದಲ್ಲಿ 1964ರಿಂದ ಇದನ್ನು ತಯಾರಿಸಿತು. ಎಪ್ಪತ್ತರ ದಶಕದಲ್ಲಿ ಇದು ಪ್ರೆಸಿಡೆಂಟ್ ಆಯಿತು, ಆಮೇಲೆ ಪದ್ಮಿನಿಯಾಯಿತು. ಹೆಸರು ಬದಲಾದರೂ ಕಾರಿನ ಒಡಲು ಹೆಚ್ಚು ಬದಲಾಗಲಿಲ್ಲ. ಮೂರು ದಶಕಕ್ಕೂ ಹೆಚ್ಚು ಕಾಲ ಒಂದೇ ಮಾದರಿ ಓಡಿದ್ದರಿಂದ ಬಿಡಿಭಾಗ ಈಗಲೂ ಸಿಗುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯ ಹಳೆ ಅಂಗಡಿಗಳಲ್ಲಿ ಕೇಳಿ. ಅಲ್ಲಿಲ್ಲದಿದ್ದರೆ ಕುರ್ಲಾದ ಗುಜರಿಯಲ್ಲಿ ಸಿಕ್ಕೀತು. 1089 ಸಿಸಿಯ ನಾಲ್ಕು ಸಿಲಿಂಡರಿನ ಎಂಜಿನ್, ನಾಲ್ಕು ಗೇರ್, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಬಾನೆಟ್ ಎತ್ತಿದರೆ ಒಳಗಿರುವುದೆಲ್ಲ ಕಣ್ಣಿಗೆ ಕಾಣುತ್ತದೆ, ಕೈಗೂ ಎಟುಕುತ್ತದೆ. ಕಲಿಯುವವರಿಗೆ ಇದಕ್ಕಿಂತ ದೊಡ್ಡ ಅನುಕೂಲವಿಲ್ಲ.

ಕೊಳ್ಳುವಾಗ ಎಂಜಿನ್ನಿಗಿಂತ ಮೊದಲು ತಗಡು ನೋಡಿ. ಈ ಕಾರಿಗೆ ಲಾರಿ, ಜೀಪಿನ ಹಾಗೆ ಬೇರೆ ಚಾಸಿಸ್ ಇಲ್ಲ, ಬಾಡಿಯೇ ಭಾರ ಹೊರುತ್ತದೆ. ಆದ್ದರಿಂದ ಕಾಲಿಡುವ ಫ್ಲೋರ್, ಬಾಗಿಲಿನ ಕೆಳಗಿನ ಪಟ್ಟಿ, ಜಾಕಿ ಕೊಡುವ ಜಾಗ ಇವು ತುಕ್ಕು ತಿಂದಿದ್ದರೆ ಕಾರಿನ ಬೆನ್ನುಮೂಳೆಯೇ ಹೋದಂತೆ. ತೆಳು ಬಟ್ಟೆ ಸುತ್ತಿದ ಅಯಸ್ಕಾಂತವೊಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಅದು ಕಚ್ಚದ ಕಡೆ ಒಳಗಿರುವುದು ತಗಡಲ್ಲ, ಪುಟ್ಟಿ. ಮೇಲೆ ಥಳುಕು ಒಳಗೆ ಹುಳುಕು ಎಂಬ ಮಾತಿಗೆ ಹೊಸ ಬಣ್ಣ ಬಳಿದ ಹಳೆ ಕಾರಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಮಂಗಳೂರು, ಕಾರವಾರದ ಕಡೆ ಬಾಳಿದ ಕಾರನ್ನು ಉಪ್ಪುಗಾಳಿ ಒಳಗಿಂದೊಳಗೇ ತಿಂದಿರುತ್ತದೆ. ಬಳ್ಳಾರಿ, ವಿಜಯಪುರದ ಒಣ ಹವೆಯಲ್ಲಿ ನಿಂತ ಕಾರಿನ ಬಣ್ಣ ಬಿಸಿಲಿಗೆ ಸುಟ್ಟಿದ್ದರೂ ತಗಡು ಗಟ್ಟಿಯಾಗಿರುವ ಸಂಭವವೇ ಹೆಚ್ಚು. ನಾನಾದರೆ ಎರಡನೆಯದನ್ನೇ ಆರಿಸುತ್ತೇನೆ. ಇನ್ನೊಂದು ಮಾತು: ಗ್ರಿಲ್, ಬಂಪರ್, ದೀಪದ ರಿಂಗು, ಮೀಟರು, ಬಾಗಿಲ ಹಿಡಿ ಎಲ್ಲವೂ ಇರುವ ಕೆಟ್ಟ ಕಾರು, ಇವುಗಳಲ್ಲಿ ನಾಲ್ಕು ಕಳೆದುಕೊಂಡ ಓಡುವ ಕಾರಿಗಿಂತ ವಾಸಿ. ಪಿಸ್ಟನ್ ರಿಂಗ್ ಅಂಗಡಿಯಲ್ಲಿ ಸಿಗುತ್ತದೆ, ಮೂಲದ ಗ್ರಿಲ್‌ಗೆ ಅಲೆಯಬೇಕು.

ಕಾಗದಪತ್ರ ಸರಿಯಿಲ್ಲದ ಕಾರನ್ನು ಪುಕ್ಕಟೆ ಕೊಟ್ಟರೂ ಬೇಡ ಎನ್ನಿ. ಆರ್‌ಸಿಯಲ್ಲಿರುವ ಎಂಜಿನ್ ನಂಬರು, ಚಾಸಿಸ್ ನಂಬರು ಎರಡನ್ನೂ ಕಾರಿನ ಮೇಲೆ ಕೆತ್ತಿದ ಅಂಕಿಗಳ ಜೊತೆ ನೀವೇ ಓದಿ ತಾಳೆ ಹಾಕಿ. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿಯನ್ನು ಎಫ್‌ಸಿ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕಾಗುತ್ತದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ಕಾರುಗಳಿಗೆ 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ನೋಂದಣಿಯ ನಿಯಮ ತಂದಿತು. ಅದರ ನಂಬರ್ ಪ್ಲೇಟಿನಲ್ಲಿ ರಾಜ್ಯದ ಅಕ್ಷರಗಳ ನಂತರ ‘ವಿಎ’ ಎಂಬ ಗುರುತು ಬರುತ್ತದೆ. ಗೌರವದ ಗುರುತೇ ಹೌದು. ಆದರೆ ಅದನ್ನು ಪಡೆದ ಕಾರನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲು, ರಿಪೇರಿ ಇಂಥದ್ದಕ್ಕಷ್ಟೇ ರಸ್ತೆಗಿಳಿಸಬಹುದು. ಭಾನುವಾರ ಮನೆಮಂದಿಯನ್ನು ಕೂರಿಸಿಕೊಂಡು ಸುತ್ತಾಡುವ ಆಸೆಯಿದ್ದರೆ ಹಳೆಯ ನೋಂದಣಿಯನ್ನೇ ಜೀವಂತ ಇಟ್ಟುಕೊಳ್ಳಿ.

ಕಾರು ಮನೆಗೆ ಬಂತು. ಸಾಮಾನು ಬಹಳ ಬೇಡ. ಒಳ್ಳೆಯ ರಿಂಗ್ ಸ್ಪ್ಯಾನರ್ ಸೆಟ್, ಸಾಕೆಟ್ ಸೆಟ್, ಫೀಲರ್ ಗೇಜ್, ಟಾರ್ಕ್ ವ್ರೆಂಚ್, ಮಲ್ಟಿಮೀಟರ್ ಇದ್ದರೆ ಶುರುಮಾಡಬಹುದು. ಅಗ್ಗದ ಸ್ಪ್ಯಾನರ್ ಬೋಲ್ಟಿನ ತಲೆ ಸವೆಸುತ್ತದೆ, ಅಲ್ಲಿ ಜಿಪುಣತನ ಬೇಡ. ಎಲ್ಲಕ್ಕಿಂತ ಮುಖ್ಯ, ಉಕ್ಕಿನ ಜಾಕ್ ಸ್ಟ್ಯಾಂಡ್ ನಾಲ್ಕು. ಬರೀ ಜಾಕಿಯ ಮೇಲೆ ನಿಂತ ಕಾರಿನಡಿ ಯಾವತ್ತೂ ತಲೆ ಹಾಕಬೇಡಿ. ಹಾಲೋ ಬ್ಲಾಕ್, ಇಟ್ಟಿಗೆ ಪೇರಿಸಿ ಅದರ ಮೇಲೆ ನಿಲ್ಲಿಸುವವರಿದ್ದಾರೆ. ಬ್ಲಾಕ್ ಸೀಳುವ ಮುಂಚೆ ಯಾವ ಸೂಚನೆಯನ್ನೂ ಕೊಡುವುದಿಲ್ಲ. ಬ್ಯಾಟರಿ ಬಿಚ್ಚುವಾಗ ನೆಗೆಟಿವ್ ಮೊದಲು. ಬಿಚ್ಚುವ ಮುಂಚೆ ಪ್ರತಿ ಭಾಗದ ಫೋಟೊ ತೆಗೆಯಿರಿ, ನಟ್ಟು ಬೋಲ್ಟುಗಳನ್ನು ಬೇರೆ ಬೇರೆ ಕವರಿಗೆ ಹಾಕಿ ಚೀಟಿ ಬರೆಯಿರಿ. ಆರು ತಿಂಗಳು ಕಳೆದ ಮೇಲೆ ನೆನಪನ್ನು ನಂಬುವ ಹಾಗಿಲ್ಲ.

ವರ್ಷಗಟ್ಟಲೆ ನಿಂತ ಎಂಜಿನ್ನಿಗೆ ಬ್ಯಾಟರಿ ಕೊಟ್ಟು ಸೆಲ್ಫ್ ಹೊಡೆಯಬೇಡಿ. ರಿಂಗುಗಳು ಸಿಲಿಂಡರಿನ ಗೋಡೆಗೆ ಅಂಟಿರುತ್ತವೆ. ನಾಲ್ಕೂ ಸ್ಪಾರ್ಕ್ ಪ್ಲಗ್ ತೆಗೆದು, ಒಂದೊಂದು ತೂತಿಗೂ ಒಂದೆರಡು ಚಮಚ ಎಂಜಿನ್ ಆಯಿಲ್ ಬಿಟ್ಟು ಎರಡು ದಿನ ಸುಮ್ಮನಿರಿ. ಆಮೇಲೆ ಮುಂಭಾಗದ ಪುಲ್ಲಿಯ ನಟ್ಟಿಗೆ ಸ್ಪ್ಯಾನರ್ ಹಾಕಿ ಮೆಲ್ಲಗೆ ಒತ್ತಿ. ಅಲ್ಲಾಡದಿದ್ದರೆ ಇನ್ನಷ್ಟು ಆಯಿಲ್, ಇನ್ನೆರಡು ದಿನ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುವುದನ್ನು ಇಲ್ಲಿ ಅಕ್ಷರಶಃ ಪಾಲಿಸಬೇಕು: ಪೈಪು ತೂರಿಸಿ ಬಲ ಹಾಕಿದರೆ ರಿಂಗೇ ಮುರಿಯಬಹುದು. ಎಂಜಿನ್ ಒಂದು ಸುತ್ತು ಸಲೀಸಾಗಿ ತಿರುಗಿತೆಂದರೆ ಹಳೆಯ ಆಯಿಲ್ ಇಳಿಸಿ ಹೊಸದು ಹಾಕಿ.

ಇನ್ನು ಬೆಂಕಿ ಮತ್ತು ಪೆಟ್ರೋಲು. ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದರೆ ಒಳಗೆ ಸಣ್ಣ ಪಾಯಿಂಟ್ ಕಾಣುತ್ತದೆ. ನಿಂತು ನಿಂತು ಅದರ ಮುಖ ಬೂದು ಬಣ್ಣಕ್ಕೆ ತಿರುಗಿರುತ್ತದೆ. ನಯವಾದ ಎಮೆರಿ ಕಾಗದದಿಂದ ಎರಡು ಸಲ ಎಳೆದು ಸ್ವಚ್ಛ ಬಟ್ಟೆಯಲ್ಲಿ ಒರೆಸಿ. ಎಂಜಿನ್ ಕೈಯಲ್ಲಿ ತಿರುಗಿಸುತ್ತಾ ಪಾಯಿಂಟ್ ಪೂರ್ತಿ ತೆರೆದ ಕಡೆ ನಿಲ್ಲಿಸಿ, ಮ್ಯಾನ್ಯುಯಲ್ ಹೇಳಿದ ಅಳತೆಯ ಫೀಲರ್ ಗೇಜ್ ತೂರಿಸಿ. ಅದು ಅರ್ಧ ಮಿಲಿಮೀಟರಿಗಿಂತ ತುಸು ಕಡಿಮೆ. ಗೇಜಿನ ಎಲೆ ಸಡಿಲವಾಗಿಯೂ ಓಡಾಡಬಾರದು, ಸಿಕ್ಕಿಕೊಳ್ಳಲೂಬಾರದು, ಎಳೆದರೆ ಲಘುವಾಗಿ ತಡೆಯಬೇಕು. ಆ ತಡೆ ಕೈಗೆ ಒಮ್ಮೆ ಗೊತ್ತಾದರೆ ಮರೆಯುವುದಿಲ್ಲ. ವೈರುಗಳು 1-3-4-2 ಕ್ರಮದಲ್ಲಿವೆಯೇ ನೋಡಿ. ಎರಡು ಅದಲು ಬದಲಾದರೂ ಎಂಜಿನ್ ಕೆಮ್ಮುತ್ತದೆಯೇ ಹೊರತು ಓಡುವುದಿಲ್ಲ. ಟ್ಯಾಂಕಿನಲ್ಲಿ ಉಳಿದ ಹಳೆ ಪೆಟ್ರೋಲು ಅಂಟಿನಂತಾಗಿ, ತುಕ್ಕಿನ ಜೊತೆ ಸೇರಿ ಕಾರ್ಬುರೇಟರಿನ ಜೆಟ್ ಮುಚ್ಚುತ್ತದೆ. ಟ್ಯಾಂಕು ಇಳಿಸಿ ತೊಳೆಯಲೇಬೇಕು. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಇರುವುದರಿಂದ ಹಳೆಯ ರಬ್ಬರ್ ಪೈಪು, ಪಂಪಿನ ಡಯಾಫ್ರಮ್ ಬೇಗ ಕೆಡುತ್ತವೆ. ಎಥೆನಾಲ್ ತಡೆಯುವ ಹೊಸದನ್ನೇ ಹಾಕಿ. ಇನ್ನು ನೀರಿನ ಮಾತು: ಈ ಎಂಜಿನ್ನಿನ ಹೆಡ್ ಅಲ್ಯೂಮಿನಿಯಂನದು. ರೇಡಿಯೇಟರಿಗೆ ಬರೀ ನಲ್ಲಿ ನೀರು ಹಾಕಿದರೆ ಒಳಗೆ ಕೊರೆಯುತ್ತದೆ, ಕೂಲೆಂಟ್ ಹಾಕಿ.

ಎಂಜಿನ್ ಸ್ಟಾರ್ಟ್ ಆದ ದಿನ ಎಲ್ಲರಿಗೂ ಒಂದು ರೌಂಡ್ ಹೋಗಿಬರುವ ಚಪಲ. ದಯವಿಟ್ಟು ಬೇಡ. ಓಡುವುದಕ್ಕಿಂತ ಮೊದಲು ಕಾರು ನಿಲ್ಲುವುದನ್ನು ಕಲಿಯಬೇಕು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಆ ತೇವ ವೀಲ್ ಸಿಲಿಂಡರಿನ ಒಳಗೋಡೆಯನ್ನು ತುಕ್ಕು ಹಿಡಿಸಿ ಗುಳಿ ಮಾಡುತ್ತದೆ. ಡ್ರಮ್ ತೆಗೆದಾಗ ಕಾಣುವ ಕಪ್ಪು ಧೂಳನ್ನು ಊದಬೇಡಿ, ಗಾಳಿ ಹೊಡೆಯಲೂಬೇಡಿ. ಹಳೆ ಲೈನಿಂಗಿನಲ್ಲಿ ಕಲ್ನಾರು ಇರುತ್ತದೆ, ಅದು ಶ್ವಾಸಕೋಶಕ್ಕೆ ವಿಷ. ಮಾಸ್ಕ್ ಹಾಕಿಕೊಂಡು ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಎಸೆಯಿರಿ. ಸಿಲಿಂಡರ್ ಬಿಚ್ಚಿ ಒಳಗೆ ಬೆರಳಾಡಿಸಿ. ಗಾಜಿನಂತೆ ನುಣುಪಾಗಿದ್ದರೆ ಹೊಸ ರಬ್ಬರ್ ಕಿಟ್ ಸಾಕು, ಗುಳಿ ತಗುಲಿದರೆ ಸಿಲಿಂಡರೇ ಹೊಸದಾಗಬೇಕು. ರಬ್ಬರಿಗೆ ಎಂಜಿನ್ ಆಯಿಲ್, ಗ್ರೀಸು, ಸೀಮೆಎಣ್ಣೆ ಸೋಕಿಸಬಾರದು, ಉಬ್ಬಿ ಕೆಟ್ಟುಹೋಗುತ್ತದೆ. ಬ್ರೇಕ್ ಆಯಿಲಿನಲ್ಲೇ ಅದ್ದಿ ಜೋಡಿಸಿ. ಕೊನೆಗೆ ಏರ್ ತೆಗೆಯುವ ಕೆಲಸ. ಇದಕ್ಕೆ ಇಬ್ಬರು ಬೇಕು. ಮಾಸ್ಟರ್ ಸಿಲಿಂಡರಿಗೆ ಎಲ್ಲಕ್ಕಿಂತ ದೂರದ ಚಕ್ರದಿಂದ ಶುರು. ಒಳಗೆ ಕೂತವರು ಪೆಡಲ್ ತುಳಿದು ಹಿಡಿಯಬೇಕು, ಕೆಳಗಿರುವವರು ನಿಪ್ಪಲ್ ತುಸು ಸಡಿಲಿಸಿ, ಗುಳ್ಳೆ ಹೊರಬಿದ್ದ ಕೂಡಲೇ ಬಿಗಿ ಮಾಡಿ ‘ಬಿಡು’ ಎನ್ನಬೇಕು. ಗುಳ್ಳೆ ನಿಲ್ಲುವವರೆಗೂ ಇದೇ. ಮಕ್ಕಳನ್ನು ಈ ಹವ್ಯಾಸಕ್ಕೆ ಸೆಳೆಯಲು ಇದಕ್ಕಿಂತ ಒಳ್ಳೆಯ ಕೆಲಸ ನನಗೆ ಗೊತ್ತಿಲ್ಲ. ಪೆಡಲ್ ಗಟ್ಟಿಯಾಗುತ್ತಾ ಬರುವುದು ಅವರ ಕಾಲಿಗೇ ತಿಳಿಯುತ್ತದೆ.

ಮೊದಲ ಓಡಾಟ ಖಾಲಿ ರಸ್ತೆಯಲ್ಲಿರಲಿ. ಎರಡು ಕಿಲೋಮೀಟರು ಹೋಗಿ ನಿಲ್ಲಿಸಿ, ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿದು ನೋಡಿ. ಒಂದು ಮಾತ್ರ ಸುಡುತ್ತಿದ್ದರೆ ಅಲ್ಲಿ ಬ್ರೇಕ್ ಬಿಡುತ್ತಿಲ್ಲ. ಸ್ಟೀರಿಂಗ್ ಆಡುತ್ತಿದ್ದರೆ ಕಿಂಗ್‌ಪಿನ್ ಸವೆದಿರಬಹುದು. ಅದನ್ನು ಹೊಡೆದು ತೆಗೆಯುವುದು, ಬುಷ್ ಕೂರಿಸುವುದು ಮನೆಯ ಕೆಲಸವಲ್ಲ, ಪಳಗಿದ ಮೆಕ್ಯಾನಿಕ್ಕಿಗೂ ಲೇತಿನವರಿಗೂ ಒಪ್ಪಿಸಿ. ಸಿಲಿಂಡರ್ ಬೋರಿಂಗ್, ಫ್ಲೋರಿನ ವೆಲ್ಡಿಂಗ್ ಕೂಡ ಹಾಗೆಯೇ. ಪಕ್ಕದಲ್ಲಿ ನಿಂತು ನೋಡಿ, ಕೇಳಿ. ಪದ್ಮಿನಿಯ ಮೇಲೆ ಕೈ ಪಳಗಿಸಿಕೊಂಡ ಹಿರಿಯ ಮೆಕ್ಯಾನಿಕ್‌ಗಳು ಈಗ ಕಡಿಮೆಯಾಗುತ್ತಿದ್ದಾರೆ. ಅವರು ಮಾತಿನ ನಡುವೆ ಹೇಳಿಬಿಡುವ ವಿಷಯ ಯಾವ ಮ್ಯಾನ್ಯುಯಲ್‌ನಲ್ಲೂ ಇಲ್ಲ.

ಇಷ್ಟಾದ ಮೇಲೆ ಬಣ್ಣ. ಕಾರ್ಖಾನೆಯ ಮೂಲ ಬಣ್ಣ ಮುಕ್ಕಾಲು ಪಾಲು ಉಳಿದಿದ್ದರೆ ನಾನು ಮುಟ್ಟಬೇಡಿ ಎನ್ನುತ್ತೇನೆ. ಪಾಲಿಶ್ ಹೊಡೆದು, ತುಕ್ಕಿನ ಜಾಗವಷ್ಟೇ ಕೆರೆದು ಪ್ರೈಮರ್ ಕೊಟ್ಟು ಟಚ್‌ಅಪ್ ಮಾಡಿದರೆ ಸಾಕು. ಹೊಸದೇ ಆಗಬೇಕಿದ್ದರೆ ಮೊದಲು ಟಿಂಕರಿಂಗ್ ಪೂರ್ತಿ ಮುಗಿಯಲಿ, ಕೊಳೆತ ತಗಡು ಕತ್ತರಿಸಿ ಹೊಸ ತಗಡು ಕೂರಿಸಲಿ, ಪುಟ್ಟಿ ಎಲ್ಲೂ ದಪ್ಪನಾಗಿ ಕೂರದಿರಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೆರೆದ ಶೆಡ್ಡಿನಲ್ಲಿ ಸ್ಪ್ರೇ ಹೊಡೆಸಬೇಡಿ. ತೇವಕ್ಕೆ ಬಣ್ಣ ಬಿಳಿಚಿಕೊಳ್ಳುತ್ತದೆ. ಡಿಸೆಂಬರ್ ಕಳೆದ ಮೇಲೆ, ಒಣ ಬಿಸಿಲಿನ ದಿನಗಳಲ್ಲಿ ಹೊಡೆಸಿ. ಹೊಸ ಬಣ್ಣ ಒಳಗಿಂದ ಪೂರ್ತಿ ಆರಲು ವಾರಗಳೇ ಬೇಕು, ಅಲ್ಲಿಯವರೆಗೆ ವ್ಯಾಕ್ಸ್ ಹಚ್ಚಬೇಡಿ, ಪ್ಲಾಸ್ಟಿಕ್ ಕವರೂ ಹೊದಿಸಬೇಡಿ.